ಸಕ್ಕರೆ ಡಬ್ಬಿಯ ಹಿಂದಿನ ಬಿಲ್ಲೆ

ಅಲ್ಮಾ ವೆಲ್ಸ್, ಯೂಟಾ
ಭಾನುವಾರ, ಅಕ್ಟೋಬರ್ 12, 1980

ಆರ್ವಲ್,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆಮೇಲೆ ‘ಮಾನ್ಯರೇ’ ಎಂದು ಬರೆದೆ, ನನಗೇ ನಗು ಬಂತು. ಎರಡು ಹಾಳೆ ದಂಡವಾಯಿತು. ಆದ್ದರಿಂದ ಬರೀ ಹೆಸರು. ಇಪ್ಪತ್ತಮೂರು ವರ್ಷದ ಮೇಲೆ ಗಂಡನಿಗೆ ಕಾಗದ ಬರೆಯುವಾಗ ಏನೆಂದು ಕರೆಯಬೇಕು ಎಂದು ನನಗೆ ಯಾರೂ ಕಲಿಸಿಲ್ಲ.

ಇವತ್ತು ಚರ್ಚಿಗೆ ಹೋಗಲಿಲ್ಲ. ಪಕ್ಕದ ಮನೆಯ ಥೆಲ್ಡಾ ಟೋಪಿ ಹಾಕಿಕೊಂಡು ಬಂದು ಬಾಗಿಲು ಬಡಿದಳು. “ಏನೇ ಲಿಯೋರಾ, ಪ್ರಾರ್ಥನೆಗೆ ಬರಲ್ವಾ? ಸೈತಾನ ಏನಾದ್ರೂ ನಿಮ್ಮನೇಲಿ ತಿಂಡಿಗೆ ಕೂತಿದಾನಾ?” ಎಂದಳು. ತಲೆನೋವು ಎಂದೆ. ನಿಜ ಹೇಳಬೇಕೆಂದರೆ ಅವಳ ಪಕ್ಕ ಕೂತು ಹಾಡುವ ಧೈರ್ಯ ಇರಲಿಲ್ಲ. ಯಾಕೆ ಎಂದು ಮುಂದೆ ನಿನಗೇ ತಿಳಿಯುತ್ತದೆ.

ನಿನ್ನ ಹೆಸರಿಗೆ ಬಂದ ಲಕೋಟೆ ಒಡೆದಿದ್ದೇನೆ. ತಪ್ಪೇ. ಆದರೆ ಅದರ ಮೇಲೆ ನಮ್ಮ ಮನೆಯ ವಿಳಾಸವೇ ಇತ್ತು. ನೀನು ಮನೆ ಬಿಟ್ಟು ಹೋದದ್ದು ಊರಿಗೆಲ್ಲ ಗೊತ್ತು, ಸರ್ಕಾರದ ಕಡತಕ್ಕೆ ಮಾತ್ರ ಗೊತ್ತಿಲ್ಲ ನೋಡು. ಬಾಂಬ್ ಪರೀಕ್ಷೆಯ ಜಾಗದಲ್ಲಿ ನಿನಗೆ ತಗುಲಿದ ವಿಕಿರಣದ ಲೆಕ್ಕ ಬೇಕೆಂದು ನೀನು ಬರೆದುಕೊಂಡಿದ್ದೆಯಂತೆ. ‘ತಮ್ಮ ಕಾಯಿಲೆ ಕೆಲಸದಿಂದಲೇ ಬಂದದ್ದು ಎಂಬ ಅರ್ಜಿಗೆ ಆಧಾರವಾಗಿ’ ಎಂದು ಆ ಲೆಕ್ಕದ ಕಾರ್ಡು ಕಳಿಸಿದ್ದಾರೆ. ನಿನಗೆ ಕಾಯಿಲೆ ಎಂಬುದನ್ನು ಬಿಷಪ್ ಮೊದಲೇ ಹೇಳಿದ್ದರು. ಲಾಸ್ ವೇಗಸ್ ಆಸ್ಪತ್ರೆ, ಮೂರನೇ ಮಹಡಿ, ರಕ್ತ ಕೆಟ್ಟಿದೆ, ಹೆಚ್ಚು ದಿನ ಇಲ್ಲ ಎಂದು. “ನಿನ್ನ ನೋಡ್ಬೇಕು ಅಂತಿದಾರೆ ಸಿಸ್ಟರ್, ಏನೋ ಹೇಳ್ಬೇಕಂತೆ” ಎಂದರು. ಬೇಸಿಗೆಯೆಲ್ಲ ಕಿವಿ ಕೇಳಿಸದವಳ ಹಾಗೆ ಇದ್ದುಬಿಟ್ಟೆ.

ಈಗ ನೀನು ಏನು ಹೇಳಬೇಕೆಂದಿದ್ದೆ ಎಂಬುದು ನನಗೆ ಗೊತ್ತಾಗಿದೆ. ಆ ಕಾರ್ಡೇ ಹೇಳಿತು.

ನನ್ನ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಸಾವಿರದ ಒಂಬೈನೂರ ಐವತ್ತಮೂರರ ವಸಂತದ ಪರೀಕ್ಷೆಗಳು. ವಾರಕ್ಕೊಂದು ಸಾಲು. ಮೊದಲ ವಾರ 0.9. ಎರಡನೇ ವಾರ 0.8. ಮೂರನೇ ವಾರದಿಂದ ಇದ್ದಕ್ಕಿದ್ದಂತೆ 0.04, 0.05, 0.03. ಅಷ್ಟು ಶುದ್ಧ ಮನುಷ್ಯ ನಮ್ಮ ಬಿಷಪ್ಪೂ ಅಲ್ಲ! ಬಾಂಬು ಸಿಡಿದ ಜಾಗಕ್ಕೆ ಎಲ್ಲರಿಗಿಂತ ಮೊದಲು, ವಿಕಿರಣ ಅಳೆಯುವ ಟಿಕ್ ಟಿಕ್ ಪೆಟ್ಟಿಗೆ ಹಿಡಿದು ಹೋಗುತ್ತಿದ್ದವನು ನೀನು. ಇಲ್ಲಿಯವರೆಗೆ ಬನ್ನಿ, ಇಲ್ಲಿ ಹತ್ತು ನಿಮಿಷ ಮಾತ್ರ ನಿಲ್ಲಿ ಎಂದು ಉಳಿದವರಿಗೆ ಗೆರೆ ಹಾಕಿಕೊಡುತ್ತಿದ್ದವನು. ಅಂಥವನ ಎದೆಯ ಬಿಲ್ಲೆಗೆ, ವಿಕಿರಣ ತಗುಲಿದಷ್ಟೂ ಕಪ್ಪಾಗುವ ಅದರೊಳಗಿನ ಫಿಲ್ಮಿಗೆ, ಏನೂ ಅಂಟಲಿಲ್ಲ ಎಂದರೆ ನಂಬಿದರಲ್ಲ ಆ ಮಹಾಶಯರು, ಅದೇ ದೊಡ್ಡದು.

ನಾನು ನಂಬಲಿಲ್ಲ, ಯಾಕೆಂದರೆ ಆ ಬಿಲ್ಲೆ ಎಲ್ಲಿತ್ತು ಎಂದು ನನಗೆ ಗೊತ್ತು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ.

ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ನಿನ್ನೆ ನಡೆದ ಹಾಗಿದೆ. ಎರಡನೇ ವಾರ ಮುಗಿಸಿ ಬಂದವನು ಮೇಜಿನ ಮುಂದೆ ಮುಖ ಊದಿಸಿಕೊಂಡು ಕೂತೆ. ಹದಿಮೂರು ವಾರಕ್ಕೆ ಒಬ್ಬ ಮನುಷ್ಯನಿಗೆ 3.9 ರಾಂಟ್ಜನ್ ವಿಕಿರಣ, ಅಷ್ಟೇ ಮಿತಿ. ಅದು ತುಂಬಿದರೆ ಒಳಗೆ ಬಿಡುವುದಿಲ್ಲ, ಉಗ್ರಾಣಕ್ಕೆ ಹಾಕುತ್ತಾರೆ. ನಿನ್ನ ಜೊತೆಯವನು ಸ್ಟಬ್ ನೀಲ್ಸನ್ ಆಗಲೇ ಆಡಿಕೊಳ್ಳಲು ಶುರುಮಾಡಿದ್ದನಂತೆ. “ಏನಪ್ಪಾ ಆರ್ವಲ್, ಎರಡೇ ವಾರಕ್ಕೆ ಅರ್ಧ ಸುಟ್ಟೋಯ್ತು ನಿನ್ನ ಬಲ್ಬು! ಮುಂದಿನ ತಿಂಗಳಿಂದ ಕೂತ್ಕೊಂಡು ಬೂಟು ಜೋಡಿಸು” ಎಂದನಂತೆ. ಆಮೇಲೆ ಅವನೇ ಉಪಾಯ ಹೇಳಿಕೊಟ್ಟ. ಎಲ್ಲರೂ ಮಾಡುತ್ತಿದ್ದದ್ದೇ. ಫಿಲ್ಮ್ ತೆಗೆದ ಖಾಲಿ ಬಿಲ್ಲೆಯೊಂದನ್ನು ಎದೆಗೆ ಚುಚ್ಚಿಕೊಂಡು ಗೇಟಿನವನ ಕಣ್ಣಿಗೆ ತೋರಿಸುವುದು, ಫಿಲ್ಮ್ ಇರುವ ಬಿಲ್ಲೆಯನ್ನು ವಿಕಿರಣ ಮುಟ್ಟದ ತಣ್ಣಗಿನ ಜಾಗದಲ್ಲಿ ಬಿಟ್ಟು ಹೋಗುವುದು. ಯಾರೋ ಊಟದ ಡಬ್ಬಿಯಲ್ಲಿ, ಯಾರೋ ಹಾಸಿಗೆಯ ಕೆಳಗೆ. ಮುಂದಿನ ವಾರದ ಬಿಲ್ಲೆಯನ್ನು ಶುಕ್ರವಾರವೇ ಕೊಡುತ್ತಿದ್ದರು, ಹಳೆಯದನ್ನು ಸೋಮವಾರ ಒಪ್ಪಿಸಿದರೂ ನಡೆಯುತ್ತಿತ್ತು. ನೀನು ಇನ್ನೂ ಜಾಣ, ನೂರೈವತ್ತು ಮೈಲಿ ದೂರದ ಮನೆಯಲ್ಲೇ ಬಿಟ್ಟೆ. ಇದಕ್ಕಿಂತ ತಣ್ಣಗಿನ ಜಾಗ ಭೂಮಿಯ ಮೇಲೆ ಇಲ್ಲ ಎಂದು ನಂಬಿದ್ದೆ.

“ಯಾರಿಗೂ ಹೇಳ್ಬೇಡ ಲಿಯೋರಾ” ಎಂದೆ. ನಾನು ಯಾರಿಗೆ ಹೇಳಲಿ, ಕೋಳಿಗಳಿಗಾ?

ನಿನ್ನ ಭಾಷಣ ನೆನಪಾಗುತ್ತದೆ. ಸೋಮವಾರ ಹೊಸಬರಿಗೆ ಮಾಡಬೇಕಾದ ಉಪದೇಶವನ್ನು ಭಾನುವಾರ ನಮ್ಮ ಅಡುಗೆಮನೆಯಲ್ಲಿ ಒಪ್ಪಿಸುತ್ತಿದ್ದೆ. “ಬಿಲ್ಲೆ ಅಂದ್ರೆ ನಿಮ್ಮ ಎರಡನೇ ಚರ್ಮ. ಅದನ್ನ ತೆಗೆದಿಟ್ಟೋನು ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಕೊಂಡ ಹಾಗೆ.” ಹೇಳೋದು ಪುರಾಣ, ತಿನ್ನೋದು ಬದನೇಕಾಯಿ. ಕೈಗವಸಿನ ಮೇಲೆ ಟೇಪು ಸುತ್ತುವುದು ಹೇಗೆ, ಬೂಟಿನ ಮೇಲೆ ಬಟ್ಟೆಯ ಚೀಲ ಹಾಕುವುದು ಹೇಗೆ, ಲಾರಿ ಹತ್ತುವ ಮೊದಲು ಒಬ್ಬರಿಗೊಬ್ಬರು ಪೊರಕೆಯಿಂದ ಮೈ ಗುಡಿಸಿಕೊಳ್ಳುವುದು ಹೇಗೆ, ಎಲ್ಲ ನಮ್ಮ ಮಗಳು ಆರ್ಡಿತ್‌ಗೆ ಬಾಯಿಪಾಠವಾಗಿತ್ತು. ಐದು ವರ್ಷದ ಕೂಸು. ಮರದ ಸೌಟು ಹಿಡಿದು ನಿನ್ನದೇ ದನಿಯಲ್ಲಿ ಬೆಕ್ಕಿಗೆ ಪಾಠ ಹೇಳುತ್ತಿದ್ದಳು. ಶುಕ್ರವಾರ ನೀನು ಮನೆಗೆ ಬಂದರೆ ಬಾಗಿಲಲ್ಲೇ ತಡೆದು ಪೊರಕೆಯಿಂದ ನಿನ್ನ ಪ್ಯಾಂಟು ಗುಡಿಸಿ, “ಟಿಕ್ ಟಿಕ್ ಟಿಕ್... ಅಪ್ಪ ಕ್ಲೀನ್! ಒಳಗೆ ಬಾ” ಎನ್ನುತ್ತಿದ್ದಳು. ಭಾನುವಾರ ಸ್ವಲ್ಪ ಹೊತ್ತು ನೀನು ನಿನ್ನ ಬಿಲ್ಲೆಯನ್ನು ಅವಳ ಫ್ರಾಕಿಗೆ ಚುಚ್ಚುತ್ತಿದ್ದೆ. ಅವಳಿಗೆ ಅದು ಬಿಲ್ಲೆಯಲ್ಲ, ಶೆರೀಫನ ನಕ್ಷತ್ರ. ನೀನು ಹೊರಡುವಾಗ ತೆಗೆದು ಡಬ್ಬಿಯ ಹಿಂದೆ ಇಟ್ಟರೆ ತುಟಿ ಉಬ್ಬಿಸುತ್ತಿದ್ದಳು.

ಈಗ ಮೇ ತಿಂಗಳ ಆ ಮಂಗಳವಾರಕ್ಕೆ ಬರುತ್ತೇನೆ. ಬರಬೇಕಲ್ಲ, ಎಷ್ಟು ಸುತ್ತು ಹಾಕಿದರೂ.

ನಸುಕಿನಲ್ಲಿ ಪಶ್ಚಿಮದ ಆಕಾಶ ಬೆಳಗಿತು. ಕಿಟಕಿಯ ಗಾಜು ಅದುರಿತು. ಅದೇನು ಹೊಸದಲ್ಲ, ಆ ವಸಂತದಲ್ಲಿ ನಮಗೆ ಕೋಳಿ ಕೂಗಿನಷ್ಟೇ ಅಭ್ಯಾಸವಾಗಿತ್ತು. ಎಂಟೂವರೆಗೆ ಆ ಮೋಡ ಬಂತು, ಕೆಂಪಗೆ, ಮಣ್ಣು ಕಲಸಿದ ನೀರಿನ ಬಣ್ಣ. ಗಾಳಿ ಎದ್ದಿತು. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ರುಚಿ. ಥೆಲ್ಡಾ ಬೇಲಿಯಾಚೆಯಿಂದ, “ನೋಡೇ, ನಿನ್ನ ಗಂಡ ಎಬ್ಬಿಸಿದ ಧೂಳು! ನನ್ನ ಒಣಗಿದ ಬಟ್ಟೆಯೆಲ್ಲ ಹಾಳು. ಬರ್ಲಿ ಶುಕ್ರವಾರ, ಅವನ ಕೈಲೇ ಒಗೆಸ್ತೀನಿ” ಎಂದು ನಗುತ್ತಾ ಕೂಗಿದಳು. ಅವಳ ಮಗ ಡ್ವೇನ್ ತಂತಿಯ ಕೆಳಗೆ ಗೋಲಿ ಆಡುತ್ತಿದ್ದ. ರೇಡಿಯೋದವನು ಒಂದು ಗಂಟೆ ಮನೆಯೊಳಗೆ ಇರಿ, ಗಾಬರಿಯೇನಿಲ್ಲ ಎಂದು ಹೇಳಿದ್ದು ಹತ್ತಕ್ಕೆ. ಅಷ್ಟರಲ್ಲಿ ಬೀಳುವುದೆಲ್ಲ ಬಿದ್ದಾಗಿತ್ತು. ಊರಿನವರಿಗೆ ಮೊದಲೇ ಯಾರು ಹೇಳಿದ್ದರು, ಹೇಳು?

ಶುಕ್ರವಾರ ನೀನು ಬಂದೆ, ಭಾನುವಾರ ಆ ವಾರದ ಬಿಲ್ಲೆ ತೆಗೆದುಕೊಂಡು ಹೋದೆ. ಮುಂದಿನ ಬುಧವಾರ, ವಾರದ ನಡುವೆ, ನೀನು ಹೇಳದೆ ಕೇಳದೆ ಬಂದು ನಿಂತೆಯಲ್ಲ, ಆ ದಿನವನ್ನು ಇಪ್ಪತ್ತೇಳು ವರ್ಷ ನಾನು ನಿನ್ನ ಹುಚ್ಚಿನ ದಿನ ಎಂದೇ ಕರೆದುಕೊಂಡಿದ್ದೆ.

ಕೈಯಲ್ಲಿ ಟಿಕ್ ಟಿಕ್ ಪೆಟ್ಟಿಗೆ ಇತ್ತು. ಮಾತಿಲ್ಲ ಕತೆಯಿಲ್ಲ, ಅಂಗಳ ಪೂರ್ತಿ ಸುತ್ತಿದೆ. ಹಿಪ್ಪುನೇರಳೆ ಮರದ ಕೆಳಗೆ, ಅವಳ ಮರಳುಗುಂಡಿಯ ಹತ್ತಿರ, ಅದು ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸದ್ದು ಮಾಡಿತು. “ಏನಾಯ್ತು?” ಎಂದೆ. “ಪೆಟ್ಟಿಗೆ ಕೆಟ್ಟಿದೆ” ಎಂದೆ ನೀನು. ಕೆಟ್ಟ ಪೆಟ್ಟಿಗೆಯ ಮಾತು ಕೇಳಿ ಯಾರಾದರೂ ಮರಳನ್ನೆಲ್ಲ ಅಗೆದು ಗುಂಡಿ ತೋಡಿ ಹೂಳುತ್ತಾರಾ? ಗೋಡೆ, ಛಾವಣಿ ಎಲ್ಲ ನೀರು ಹೊಡೆದು ತೊಳೆದೆ. ಕರೆದಿಟ್ಟಿದ್ದ ಹಾಲನ್ನು ಬಚ್ಚಲಿಗೆ ಸುರಿದೆ. “ಏ, ತಲೆ ಕೆಟ್ಟಿದೆಯೇನೋ ಮಾರಾಯ ನಿಂಗೆ!” ಎಂದು ನಾನು ಕಿರುಚಿದೆ. ನೀನು ಪೊರಕೆ ತಂದು ಆರ್ಡಿತ್‌ಳನ್ನು ತಲೆಯಿಂದ ಕಾಲಿನವರೆಗೆ ಗುಡಿಸಿದೆ. ಅವಳು ತನ್ನ ಆಟವೇ ಎಂದುಕೊಂಡು ಕಿಲಕಿಲ ನಕ್ಕಳು. “ಅಪ್ಪ, ಟಿಕ್ ಟಿಕ್ ಅನ್ನು!” ಎಂದಳು. ನೀನು ಅನ್ನಲಿಲ್ಲ. ಆಮೇಲೆ ತಗಡಿನ ತೊಟ್ಟಿಯಲ್ಲಿ ಕೂರಿಸಿ ಮೂರು ಸಲ ತಲೆ ಉಜ್ಜಿದೆ, ನೆತ್ತಿ ಕೆಂಪಾಗುವವರೆಗೆ, ಅವಳು ಅಳುವವರೆಗೆ. ನಾನು ನಿನ್ನ ಕೈಯಿಂದ ಅವಳನ್ನು ಕಿತ್ತುಕೊಂಡೆ.

ಈಗ ಕಾರ್ಡು ನೋಡಿದ ಮೇಲೆ ತಿಳಿಯಿತು. ಆ ವಾರದ ಸಾಲಿನಲ್ಲಿ 3.1 ಎಂದಿದೆ. ಮುಂದೆ ಷರಾ: ‘ಮಿತಿ ಮೀರಿದೆ. ಒಳಗಿನ ಕೆಲಸದಿಂದ ಬಿಡಿಸಲಾಗಿದೆ. ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳು, ಧೂಳು ನೇರವಾಗಿ ಬಿದ್ದ ಗುರುತು. ವಿಚಾರಿಸಲಾಗಿ, ನೆಲಕ್ಕೆ ಮಂಡಿಯೂರಿ ಅಳತೆ ತೆಗೆದೆ ಎಂದು ಉತ್ತರ.’ ಮಂಡಿಯೂರಿದೆಯಂತೆ! ಆ ಬಿಲ್ಲೆ ಆ ವಾರ ಬಾಂಬಿನ ಹತ್ತಿರ ಹೋಗಿಯೇ ಇರಲಿಲ್ಲ. ಫಿಲ್ಮ್ ತೊಳೆಯುವವನು ಆ ಅಂಕಿ ಓದಿ ಹೇಳಿದಾಗ ನಿನ್ನ ಕಾಲ ಕೆಳಗಿನ ನೆಲ ಹೇಗೆ ಜಾರಿರಬೇಕು ಎಂದು ಯೋಚಿಸುತ್ತಾ ನಿನ್ನೆಯೆಲ್ಲ ಕೂತಿದ್ದೆ. ಅಲ್ಲಿದ್ದ ನೂರು ಜನರಲ್ಲಿ ನಿನಗೊಬ್ಬನಿಗೇ ಗೊತ್ತು, ಅದು ನಿನ್ನ ಮನೆಯ ಅಳತೆ ಎಂದು. ಉಗುಳಲಾರೆ, ನುಂಗಲಾರೆ. ಹೇಳಿದರೆ ಬಿಲ್ಲೆ ಬಿಟ್ಟು ಬಂದ ಕಳ್ಳತನ ಬಯಲಾಗುತ್ತದೆ. ಅಲ್ಲಿನ ಗುಟ್ಟು ಹೊರಗೆ ಹೇಳುವುದಿಲ್ಲ ಎಂದು ಬರೆದುಕೊಟ್ಟ ಆಣೆ ಬೇರೆ. ಆ ಘಳಿಗೆಯ ನಿನ್ನನ್ನು ನೆನೆದರೆ ನನಗೆ ಅಯ್ಯೋ ಎನಿಸಿತು. ಆದರೆ ಎಷ್ಟು ಹೊತ್ತು ಅಯ್ಯೋ ಎನ್ನಲಿ?

ನಮ್ಮ ಹಾಲು ಸುರಿದೆಯಲ್ಲ ಆರ್ವಲ್, ಥೆಲ್ಡಾ ಮನೆಯ ಹಾಲು? ಒಂದೇ ಬೇಲಿ, ಒಂದೇ ಹುಲ್ಲು. ಆ ದಿನ ಬೇಲಿಯಾಚೆ ನಿಂತು ನಿನ್ನ ಹುಚ್ಚಾಟ ನೋಡುತ್ತಿದ್ದವಳ ಸೊಂಟಕ್ಕೆ ಡ್ವೇನ್ ಆತುಕೊಂಡಿದ್ದ, ಮೇಲ್ತುಟಿಯ ಮೇಲೆ ಹಾಲಿನ ಮೀಸೆ. “ಏನ್ ಬ್ರದರ್, ಈಸ್ಟರ್ ಮುಗಿದ್ಮೇಲೆ ಮನೆ ತೊಳೀತಿದೀರಾ” ಎನ್ನುವಂತೆ ಏನೋ ತಮಾಷೆ ಮಾಡಿದಳು.

ಅವಳ ನಗು ನೆನಪಿದೆ, ಶಬ್ದ ಸರಿಯಾಗಿ ನೆನಪಿಲ್ಲ. ನೀನು ನಕ್ಕು ಸುಮ್ಮನಾದೆ, ಅದು ಮಾತ್ರ ಚೆನ್ನಾಗಿ ನೆನಪಿದೆ. ಒಂದು ಮಾತು, “ಥೆಲ್ಡಾ, ಹಾಲು ಚೆಲ್ಲು” ಎಂದು ಒಂದೇ ಒಂದು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಲವತ್ತು ಮನೆಯ ಊರು ಇದು. ಆ ಸಂಜೆಗೆ ನಲವತ್ತು ಮನೆಯ ಬಚ್ಚಲೂ ಬೆಳ್ಳಗಾಗುತ್ತಿತ್ತು. ಡ್ವೇನ್ ರಕ್ತದ ಕಾಯಿಲೆಯಿಂದ ಹೋದದ್ದು ಐವತ್ತೆಂಟರಲ್ಲಿ. ಅವಳ ಪಕ್ಕ ಕೂತು ಹಾಡಲಾರೆ ಎಂದೆನಲ್ಲ, ಇದಕ್ಕೇ.

ನಮ್ಮ ಮಗಳ ಕತೆ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಹೇಳುವವರು ಬೇರೆ ಯಾರೂ ಉಳಿದಿಲ್ಲ. ಐವತ್ತಾರರ ಶರತ್ಕಾಲದಲ್ಲಿ ಕಾಲಿನ ಮೇಲೆ ನೀಲಿ ಕಲೆಗಳು. ಯಾರಾದರೂ ಹೊಡೆದರಾ ಎಂದು ಶಾಲೆಗೆ ಹೋಗಿ ಜಗಳವಾಡಿ ಬಂದೆ. ಆಮೇಲೆ ಸಾಲ್ಟ್ ಲೇಕ್‌ನ ಆಸ್ಪತ್ರೆ. ಡಾಕ್ಟರು ಒಳ್ಳೆಯ ಮನುಷ್ಯ, ಮೆಲ್ಲಗೆ ಕೇಳಿದರು: “ಮಗೂಗೆ ಯಾವಾಗಾದ್ರೂ ಎಕ್ಸ್‌ರೇ ಗಿಕ್ಸ್‌ರೇ, ಆ ಥರದ್ದು ಏನಾದ್ರೂ ತಗುಲಿತ್ತಾ?” ನಾನು ನಿನ್ನ ಮುಖ ನೋಡಿದೆ. ನೀನು ನಿನ್ನ ಬೂಟು ನೋಡಿಕೊಂಡೆ. “ಇಲ್ಲ” ಎಂದೆ ನೀನು. ಈ ಕಾರ್ಡಿನ ಅಂಕಿ ನಿನ್ನ ತಲೆಯೊಳಗೆ ಇಟ್ಟುಕೊಂಡೇ ‘ಇಲ್ಲ’ ಎಂದೆ. ಐವತ್ತೇಳರ ಮಾರ್ಚಿನಲ್ಲಿ ಅವಳು ಹೋದಳು, ಒಂಬತ್ತು ತುಂಬಿತ್ತು. ಕೊನೆಯ ವಾರ ಕೂದಲು ಕೈಗೆ ಬರುತ್ತಿತ್ತು. “ಅಪ್ಪ ಜಾಸ್ತಿ ಉಜ್ಜಿದ್ರಲ್ಲ, ಅದಕ್ಕೇ” ಎಂದು ಹೇಳಿದಳು, ನೆನಪಿಟ್ಟುಕೊಂಡಿದ್ದಳು ಕಳ್ಳಿ. ನೀನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಸಮಾಧಿಯಿಂದ ಬಂದ ದಿನ ನಾನು ನಿನಗೆ ಆಡಿದ ಮಾತು ಊರೆಲ್ಲ ಕೇಳಿತು. ಊರಿನ ಹೆಂಗಸರು ಸಾವಿನ ಮನೆಗೆಂದು ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. “ನಿನ್ನ ಬಟ್ಟೆ ಮೇಲಿನ ಧೂಳು ಕಣೋ ನನ್ನ ಮಗಳನ್ನ ತಿಂದಿದ್ದು! ಪ್ರತಿ ಶುಕ್ರವಾರ ಸಾವನ್ನ ಮನೆಗೆ ತಂದೆ. ಹೋಗು, ಆ ಬಾಂಬಿನ ಜೊತೇನೇ ಸಂಸಾರ ಮಾಡು” ಎಂದೆ. ನೀನು ನಿನ್ನ ಬಟ್ಟೆಯ ಪೆಟ್ಟಿಗೆ ಕಟ್ಟಿಕೊಂಡು ಹೋದೆ. ಆ ಬಾಂಬಿನ ಜಾಗದಲ್ಲೇ ಬಿಲ್ಲೆ ಹಂಚುವ ಕಿಟಕಿಯಲ್ಲಿ ಕೂತೆಯಂತೆ, ಪ್ರತಿ ಬೆಳಗ್ಗೆ ಹುಡುಗರ ಎದೆಗೆ ನೀನೇ ಚುಚ್ಚಿ, ತೆಗೆದಿಟ್ಟರೆ ಕೆನ್ನೆಗೆ ಬಾರಿಸುತ್ತೇನೆ ಎನ್ನುತ್ತಿದ್ದೆಯಂತೆ. ಸ್ಟಬ್ ಒಮ್ಮೆ ಬಂದಾಗ ಹೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಕೇಳು. ನನ್ನ ಕೋಪ ಹಳೆಯದಕ್ಕಲ್ಲ. ಈ ಅರ್ಜಿಗೆ. ನಿನ್ನ ಕಾಯಿಲೆಗೆ ಸಾಕ್ಷಿ ಎಂದು 3.1 ತೋರಿಸಲು ಹೊರಟಿದ್ದೀಯಲ್ಲ, ಅದು ನಿನ್ನದಲ್ಲ. ನಿನಗೆ ತಗುಲಿದ್ದು ನಿಜ, ಇದಕ್ಕಿಂತ ಹೆಚ್ಚೇ ತಗುಲಿರಬೇಕು. ಆದರೆ ನಿನ್ನ ಎದೆಗೆ ಬಿದ್ದದ್ದು ಎಲ್ಲೂ ಬರೆದಿಲ್ಲ. ನಮ್ಮ ಮನೆಗೆ ಬಿದ್ದದ್ದು ನಿನ್ನ ಹೆಸರಿನಲ್ಲಿ ಬರೆದಿದೆ. ಅದನ್ನೂ ನೀನೇ ಇಟ್ಟುಕೊಂಡರೆ ಅವಳಿಗೆ ಏನು ಉಳಿಯಿತು?

ಇಪ್ಪತ್ತನಾಲ್ಕನೇ ತಾರೀಕು ಶುಕ್ರವಾರ ಇಲ್ಲಿನ ಶಾಲೆಯಲ್ಲಿ ಆ ಧೂಳಿನ ಬಗ್ಗೆ ಸರ್ಕಾರದ ವಿಚಾರಣೆ ಇದೆ. ಜುಲೈನಲ್ಲೂ ಒಮ್ಮೆ ಬಂದಿದ್ದರು, ಟೈ ಕಟ್ಟಿದವರು. ನಿಮ್ಮ ಊರಿಗೆ ಬಿದ್ದದ್ದು ಏನೂ ಅಲ್ಲ, ನಮ್ಮ ಕಾಗದದಲ್ಲಿ ಹಾಗಿದೆ ಎಂದರು. ಒಬ್ಬ ಥೆಲ್ಡಾಗೆ, “ನಿಮ್ಮ ದುಃಖ ಅರ್ಥ ಆಗುತ್ತಮ್ಮ. ಆದ್ರೆ ಅಷ್ಟು ಬಿತ್ತು ಅನ್ನೋಕೆ ನಿಮ್ಮ ಹತ್ರ ಅಳತೆ ಏನಿದೆ?” ಎಂದ. ಥೆಲ್ಡಾ ಎದ್ದು ನಿಂತು, “ಅಳತೆನಾ? ನಮ್ಮ ಡ್ವೇನ್‌ನ ಪೆಟ್ಟಿಗೆ ನಾಲ್ಕಡಿ ಎರಡಂಗುಲ. ಬರ್ಕೊಳಪ್ಪಾ” ಎಂದಳು. ಅವನು ಬರೆದುಕೊಳ್ಳಲಿಲ್ಲ. ಅವರಿಗೆ ತಾಯಂದಿರ ಮಾತು ಕೇಳಿಸುವುದಿಲ್ಲ, ಅಂಕಿ ಮಾತ್ರ ಕೇಳಿಸುತ್ತದೆ. ಆ ಮಂಗಳವಾರ ಈ ಊರಿನಲ್ಲಿ ಸರ್ಕಾರದ್ದೇ ಒಂದು ಬಿಲ್ಲೆ ಇತ್ತು, ಸರ್ಕಾರದವರೇ ಓದಿ ಬರೆದಿಟ್ಟ ಅಂಕಿ ಇದೆ ಎಂದು ಗೊತ್ತಿರುವುದು ಲೋಕದಲ್ಲಿ ಇಬ್ಬರಿಗೇ, ನಿನಗೆ ಮತ್ತು ನನಗೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನಾನೇ ಟೈಪು ಮಾಡಿದ್ದು, ತಪ್ಪಿದ್ದರೆ ನಗಬೇಡ. ‘ಆ ವಾರ ಈ ಬಿಲ್ಲೆ ನನ್ನ ಎದೆಯ ಮೇಲೆ ಇರಲಿಲ್ಲ. ಅಲ್ಮಾ ವೆಲ್ಸ್‌ನ ನನ್ನ ಮನೆಯಲ್ಲಿ, ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ ಇತ್ತು. ಕೇಳಿದಾಗ ನಾನು ಸುಳ್ಳು ಹೇಳಿದೆ.’ ಅದರ ಕೆಳಗೆ ನಿನ್ನ ಸಹಿ ಬೇಕು. ಸಹಿ ಹಾಕಿದರೆ ನಿನ್ನ ಅರ್ಜಿ ಬಿದ್ದುಹೋಗುತ್ತದೆ. ಮೂವತ್ತು ವರ್ಷ ನಿಯಮ ಹೇಳಿಕೊಟ್ಟವನು ನಿಯಮಗಳ್ಳ ಎಂದು ನಿನ್ನ ಜೊತೆಯವರೂ ಉಗಿಯುತ್ತಾರೆ. ಗೊತ್ತಿದ್ದೇ ಕೇಳುತ್ತಿದ್ದೇನೆ. ಥೆಲ್ಡಾ ಅಂಗಳಕ್ಕೆ ಬಂದು ನಿನ್ನ ಹೆಸರಿಗೆ ಮಣ್ಣು ತೂರಿದರೂ ತೂರಬಹುದು. ಅದನ್ನು ನಾನು ನೋಡಿಕೊಳ್ಳುತ್ತೇನೆ.

ನೀನು ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತೀ? ನಮ್ಮಿಬ್ಬರನ್ನು ಮದುವೆಯ ದಿನ ನಮ್ಮ ಚರ್ಚಿನ ದೇವಾಲಯದಲ್ಲಿ ಬಿಳಿ ಬಟ್ಟೆ ಉಡಿಸಿ ಸಾವಿನಾಚೆಗೂ ಸೇರಿಸಿ ಗಂಟು ಹಾಕಿದ್ದಾರೆ. ನನಗಂತೂ ಒಮ್ಮೊಮ್ಮೆ ಅದು ಶಿಕ್ಷೆ ಎನಿಸಿದೆ, ನಿನಗೂ ಅನಿಸಿರಬೇಕು. ಆದರೆ ಅಲ್ಲಿ ಆರ್ಡಿತ್‌ಳನ್ನು ನಾವೇ ಬೆಳೆಸಬೇಕಂತೆ, ಬಿಟ್ಟ ವಯಸ್ಸಿನಿಂದ. ಬಿಷಪ್ ಪ್ರತಿ ಸಲ ಅದನ್ನು ಹೇಳಿ ನನ್ನ ಕೈ ತಟ್ಟುತ್ತಾರೆ. ಅವರಿಗೆ ಅದು ಸಮಾಧಾನದ ಮಾತು. ನನಗೆ ಭಯ. ಅವಳು ಬಾಯಿ ಸುಮ್ಮನಿರುವ ಹುಡುಗಿಯಲ್ಲ, ಕೇಳುತ್ತಾಳೆ.

ಶನಿವಾರ ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಬಾಟಲಿಯಲ್ಲಿ ಹಾಕಿಟ್ಟ ಪೀಚ್ ಹಣ್ಣು ತರುತ್ತೇನೆ, ನುಂಗಲು ಬಿಡುತ್ತಾರೋ ಇಲ್ಲವೋ ನರ್ಸನ್ನು ಕೇಳಿ ಇಡು. ನಾನು ಬಂದು ಅಳುತ್ತೇನೆ ಎಂದುಕೊಳ್ಳಬೇಡ. ಪೆನ್ನು ತರುತ್ತೇನೆ.

ಇನ್ನೂ ನಿನ್ನ ಹೆಸರನ್ನೇ ಹಿಂದೆ ಹೊತ್ತುಕೊಂಡಿರುವ,
ಲಿಯೋರಾ

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಆವಿ ಹಿಡಿದು ಬಿಚ್ಚಿದ್ದೇನೆ. ಥೆಲ್ಡಾ ಪ್ರಾರ್ಥನೆ ಮುಗಿಸಿ ಬಂದು ನನ್ನ ತಲೆನೋವಿಗೆ ಎಂದು ಸಾರು ಕೊಟ್ಟು ಹೋದಳು. ಅದನ್ನು ಕುಡಿಯಲು ಆಗುತ್ತಿಲ್ಲ.

ಆ ಕಪ್ಪು ಚುಕ್ಕೆಗಳ ಬಗ್ಗೆ ಅವರು ವಿಚಾರಿಸಿದಾಗಲೇ ನಿನಗೆ ಅನುಮಾನ ಬಂದಿರಲೇಬೇಕು. ಕಪಾಟಿನೊಳಗೆ, ಡಬ್ಬಿಯ ಹಿಂದೆ ಇದ್ದ ಫಿಲ್ಮಿನ ಮೇಲೆ ಧೂಳು ನೇರವಾಗಿ ಬೀಳುವುದು ಹೇಗೆ? ನೀನು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಭಾನುವಾರ ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಹೇಳಿದ್ದೆ. “ಮಂಗಳವಾರ ದೊಡ್ಡದಿದೆ. ಗಾಳಿ ಈ ಕಡೆ ತಿರುಗಿದ್ರೂ ತಿರುಗ್ಬೋದು. ಹತ್ತು ಗಂಟೆ ತನಕ ಮಗೂನ ಹೊರಗೆ ಬಿಡ್ಬೇಡ.” ಆಣೆ ಮುರಿದು ನನಗೊಬ್ಬಳಿಗೆ ಹೇಳಿದ್ದೆ. ನಾನು ಹೂಂ ಎಂದಿದ್ದೆ. ಮಂಗಳವಾರ ನನ್ನ ಇಸ್ತ್ರಿಯ ದಿನ. ಅವಳು ಕಾಲಿಗೆ ಸಿಗುತ್ತಿದ್ದಳು, ವೈರು ಎಳೆಯುತ್ತಿದ್ದಳು, ಒಂದು ಸಲ ಇಸ್ತ್ರಿಪೆಟ್ಟಿಗೆ ಬೀಳುವುದರಲ್ಲಿತ್ತು. ರೇಗಿತು. ಡಬ್ಬಿಯ ಹಿಂದಿನಿಂದ ಬಿಲ್ಲೆ ತೆಗೆದು ಅವಳ ಹಳದಿ ಫ್ರಾಕಿಗೆ ನಾನೇ ಚುಚ್ಚಿದೆ. “ಹೋಗು ಶೆರೀಫ್, ಅಂಗಳ ಕಾಯಿ. ಕರೆಯೋ ತನಕ ಬರ್ಬೇಡ” ಎಂದೆ. ಎರಡು ಗಂಟೆ ಕಾದಳು, ಮರದ ಕೆಳಗೆ, ಆ ಧೂಳಿನಲ್ಲಿ. ಹೇಳಿದ ಮಾತು ಕೇಳುವ ಮಗು.

ನಿನ್ನ ಬಟ್ಟೆಯ ಧೂಳು ಎಂದು ಅಷ್ಟು ಜೋರಾಗಿ ಕೂಗಿದ್ದು ಇದು ನನಗೆ ಕೇಳಿಸದಿರಲಿ ಎಂದು. ಫ್ರಾಕು ಇಟ್ಟುಕೊಂಡಿದ್ದೇನೆ, ಪಿನ್ನಿನ ಎರಡು ತೂತು ಈಗಲೂ ಕಾಣುತ್ತವೆ.

ಹಾಳೆಯಲ್ಲಿ ‘ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ’ ಎಂದಿದ್ದನ್ನು ಹೊಡೆದುಹಾಕಿದ್ದೇನೆ. ಮೇಲೆ ಕೈಯಲ್ಲೇ ಬರೆದಿದ್ದೇನೆ: ‘ಅಂಗಳದಲ್ಲಿ, ನಮ್ಮ ಮಗಳು ಆರ್ಡಿತ್‌ಳ ಎದೆಯ ಮೇಲೆ’. ಕೆಳಗೆ ಒಂದು ಸಹಿಗೆ ಜಾಗ ಬಿಟ್ಟಿದ್ದೆ. ಈಗ ಎರಡು ಗೆರೆ ಎಳೆದಿದ್ದೇನೆ. ಮೊದಲನೆಯದರ ಮೇಲೆ ನಾನು ಸಹಿ ಹಾಕಿ ಆಗಿದೆ.